ಟ್ರಿಪ್ಪಿಗೆ ಸಿಗಿಸಿದ ಕರಟದ ಚೂರು

ಗುಬ್ಬಿ ಸುತ್ತಮುತ್ತ ತೋಟದ ಮೋಟರು ಕೈಕೊಟ್ಟರೆ ಜನ ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ಚನ್ನೇಶನಿಗೆ ಫೋನ್ ಮಾಡುತ್ತಾರೆ. ದೇವರು ಬರುವುದು ತಡವಾಗಬಹುದು. ಚನ್ನೇಶ ಅರ್ಧ ಗಂಟೆಯಲ್ಲಿ ಬೈಕು ನಿಲ್ಲಿಸುತ್ತಾನೆ. ಹುಟ್ಟೂರು ಹಾಗಲವಾಡಿ, ಗುಬ್ಬಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟು ಹದಿನೆಂಟು ವರ್ಷ.

ಕರೆಂಟಿನ ಕಷ್ಟ ನಿಮಗೆ ಹೊಸದಲ್ಲ. ವೋಲ್ಟೇಜ್ ಏರುತ್ತದೆ, ಇಳಿಯುತ್ತದೆ. ಮೂರು ಫೇಸಿನಲ್ಲಿ ಒಂದು ಹೇಳದೆ ಕೇಳದೆ ಹೋಗುತ್ತದೆ. ಆಗ ಮೋಟರು ಸುಡದಿರಲಿ ಎಂದು ಸ್ಟಾರ್ಟರು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಅದಕ್ಕೆ ನಾವು ಟ್ರಿಪ್ ಆಯಿತು ಅನ್ನುತ್ತೇವೆ. ಆದರೆ ನೀರು ಅರ್ಧ ತೋಟಕ್ಕೆ ಹಾಯ್ದಿರುವಾಗ ಮೋಟರು ನಿಂತರೆ ಯಾರಿಗೆ ತಾನೇ ಸಿಟ್ಟು ಬಾರದು? ಚನ್ನೇಶ ಅದಕ್ಕೊಂದು ಮದ್ದು ಕಂಡುಕೊಂಡಿದ್ದ. ತೆಂಗಿನ ಕರಟದ ಒಂದು ಚೂರನ್ನು ಕಲ್ಲಿಗೆ ಉಜ್ಜಿ ತೆಳ್ಳಗೆ ಮಾಡಿ, ಸ್ಟಾರ್ಟರಿನ ಒಳಗಿನ ಪಟ್ಟಿ ಬಿಟ್ಟುಕೊಳ್ಳದ ಹಾಗೆ ಸಂದಿಗೆ ಸಿಗಿಸಿಬಿಡುವುದು. ಕೊಬ್ಬರಿ ಸೀಮೆಯಲ್ಲಿ ಕರಟಕ್ಕೇನು ಬರ? ಅವನ ಟೂಲ್ ಬಾಕ್ಸಿನಲ್ಲಿ ಸ್ಕ್ರೂಡ್ರೈವರಿನ ಪಕ್ಕ ಅಂಥ ನಾಲ್ಕು ಚೂರು ಯಾವಾಗಲೂ ಇರುತ್ತಿದ್ದವು.

ಕರಟ ಸಿಗಿಸಿದ ಮೋಟರುಗಳು ಆರು ತಿಂಗಳಿಗೋ ವರ್ಷಕ್ಕೋ ಸುಟ್ಟು ಅವನ ಅಂಗಡಿಗೇ ವೈಂಡಿಂಗಿಗೆ ಬರುತ್ತಿದ್ದವು. ಅದು ಕರಟದ ತಪ್ಪು ಎಂದು ಯಾರೂ ಅನ್ನಲಿಲ್ಲ. ಚನ್ನೇಶನಂತೂ ಅನ್ನಲೇ ಇಲ್ಲ.

ಅದೇ ಊರಿನಲ್ಲಿ ನಾಲ್ಕು ಜನ ಸೇರಿ ಟ್ರಸ್ಟ್ ಮಾಡಿಕೊಂಡು ನಡೆಸುವ ಒಂದು ಚಿಕ್ಕ ಆಸ್ಪತ್ರೆ ಇದೆ. ಅಧ್ಯಕ್ಷರು ಮಹಾದೇವಯ್ಯ, ಕೊಬ್ಬರಿ ವ್ಯಾಪಾರದವರು. ಮನಸ್ಸು ಒಳ್ಳೆಯದು, ತಾಳ್ಮೆ ಮಾತ್ರ ಬೆರಳ ತುದಿಯಷ್ಟು. ಅಲ್ಲಿ ಎಕ್ಸ್‌ರೇ ತೆಗೆಯುವವಳು ರೂಪಶ್ರೀ. ಕುಣಿಗಲ್ಲಿನ ಹುಡುಗಿ, ಆ ಕೆಲಸಕ್ಕೆಂದೇ ಓದಿ ಬಂದವಳು, ಗುಬ್ಬಿಯಲ್ಲಿ ಒಂದು ರೂಮು ಹಿಡಿದು ಇದ್ದಳು.

ಒಂದು ಸಂತೆಯ ದಿನ ಮಹಾದೇವಯ್ಯನವರ ಫೋನ್ ಬಂತು.

"ಏನ್ಲಾ ಚನ್ನೇಶ, ಎಲ್ಲಿದೀಯಾ? ಎಕ್ಸ್‌ರೇ ಮಷೀನು ಬೆಳಿಗ್ಗೆಯಿಂದ ನಾಕು ಸಲ ನಿಂತೋಯ್ತು ಕಣೋ. ಜನ ನನ್ನ ತಲೆ ತಿಂತಾವ್ರೆ. ಬಂದು ಹೆಂಗಾದ್ರೂ ಮಾಡಿ ಓಡ್ಸ್‌ಕೊಡು."

ಚನ್ನೇಶ ಹೋದಾಗ ಹಜಾರದ ತುಂಬ ಜನ. ಸಂತೆ ಮುಗಿಸಿ ಬಸ್ಸು ಹಿಡಿಯಬೇಕಾದವರು ಗೊಣಗುತ್ತಿದ್ದರು. ರೂಪಶ್ರೀ ಅವನನ್ನು ಪಕ್ಕಕ್ಕೆ ಕರೆದಳು.

"ಅಣ್ಣ, ಬಟನ್ ಒತ್ತಿದಾಗ ಆ ದಪ್ಪ ಕೇಬಲ್ ಕಡೆ ಚಟ್ ಚಟ್ ಅಂತದೆ. ಅದಾದ್ಮೇಲೇ ಟ್ರಿಪ್ ಆಗೋದು. ಕಂಪ್ನಿ ಎಂಜಿನಿಯರ್ ಬುಧವಾರ ಬರ್ತಾರೆ, ಅಲ್ಲಿವರ್ಗೂ ನಿಲ್ಸೋಣ ಅಂದೆ. ಸಾರ್ ಕೇಳ್ತಿಲ್ಲ."

"ಬುಧವಾರದವರ್ಗೂ ಇವ್ರನ್ನೆಲ್ಲ ಇಲ್ಲೇ ಮಲಗಿಸ್ಲಾ?" ಎಂದು ಮಹಾದೇವಯ್ಯ ರೇಗಿದರು.

ಚನ್ನೇಶ ನಕ್ಕ. "ಕರೆಂಟು ಅಂದ್ಮೇಲೆ ಚಟ್ ಅನ್ದೆ ಇನ್ನೇನು ಹಾಡು ಹೇಳ್ತದಾ ತಂಗಿ? ಫೋಟೋ ತೆಗಿಯೋದು ನಿನ್ ಕೆಲಸ. ಕರೆಂಟು ನಂಗೆ ಬುಡು."

ಎಕ್ಸ್‌ರೇ ಕೋಣೆಗೆ ಕರೆಂಟು ಕೊಡುವ ಪೆಟ್ಟಿಗೆ ಹೊರಗಿನ ಗೋಡೆಯ ಮೇಲಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗಿರುವುದು ಅವನಿಗೆ ಗೊತ್ತಿರುವ ಸಾಮಾನೇ. ಪಂಪ್‌ಸೆಟ್ಟಿನ ಸ್ಟಾರ್ಟರಿನ ಅಣ್ಣ ಅನ್ನಬಹುದು, ಅಷ್ಟೇ. ಕರೆಂಟು ಹೆಚ್ಚಾಗಿ ಹರಿದರೆ ಒಂದು ರಿಲೇ ಗುರುತು ಹಿಡಿಯುತ್ತದೆ, ಪಟ್ಟಿ ಬಿಟ್ಟುಕೊಳ್ಳುತ್ತದೆ, ಮಷೀನು ನಿಲ್ಲುತ್ತದೆ. ಯಾಕೆ ಹೆಚ್ಚಾಗಿ ಹರಿಯುತ್ತಿದೆ ಎಂದು ಅವನು ನೋಡಬೇಕಿತ್ತು, ನೋಡಲಿಲ್ಲ. ಹಿಂದೆ ನಲವತ್ತು ಜನ ನಿಂತು ನೋಡುತ್ತಿದ್ದರು. ಗೊತ್ತಿಲ್ಲ ಅನ್ನಲು ಅವನ ನಾಲಿಗೆ ಏಳಲಿಲ್ಲ. ಎಲ್ಲರಿಗೂ ಬೆನ್ನು ಮಾಡಿ, ಟೂಲ್ ಬಾಕ್ಸಿನಿಂದ ಒಂದು ಕರಟದ ಚೂರು ತೆಗೆದು, ಪಟ್ಟಿಯ ಸಂದಿಗೆ ಸಿಗಿಸಿ ಮುಚ್ಚಳ ಹಾಕಿದ.

ಮಷೀನು ಓಡಿತು. ಆ ದಿನ ಮತ್ತೆ ನಿಲ್ಲಲಿಲ್ಲ. ಮಹಾದೇವಯ್ಯ ಅವನ ಬೆನ್ನು ತಟ್ಟಿ ಕಾಫಿ ತರಿಸಿದರು.

"ಏನಾಗಿತ್ತಣ್ಣ?" ಎಂದು ರೂಪಶ್ರೀ ಕೇಳಿದಳು.

"ಒಂದು ಲೂಸ್ ಕನೆಕ್ಷನ್ ಇತ್ತು ಕಣಮ್ಮ. ಬಿಗಿ ಮಾಡಿದೀನಿ."

"ಆ ಚಟ್ ಚಟ್ ಇನ್ನೂ ಕೇಳ್ತಾನೇ ಅದಲ್ಲಣ್ಣ?"

"ನಾಕು ದಿನ ಓಡ್ಲಿ, ತಾನೇ ಸರಿಹೋಗ್ತದೆ."

ಎರಡು ಮಾತಿನಲ್ಲಿ ಎರಡು ಸುಳ್ಳು. ಕಾಫಿ ಕುಡಿದು ಲೋಟ ಇಟ್ಟಷ್ಟೇ ಸಲೀಸಾಗಿ ಹೇಳಿಬಂದ. ಮಹಾದೇವಯ್ಯನವರು ಕಂಪನಿಗೆ ಫೋನ್ ಮಾಡಿ, ರಿಪೇರಿ ಆಗಿದೆ, ಬುಧವಾರ ಬರುವುದು ಬೇಡ ಎಂದುಬಿಟ್ಟರು.

ಮೂರು ವಾರ ಕಳೆಯಿತು. ನಿಟ್ಟೂರು ಕಡೆಯ ಅಡವಿಯಪ್ಪ ಎಂಬ ಅಜ್ಜ ಎಕ್ಸ್‌ರೇಗೆ ಬಂದಿದ್ದರು. ತಿಂಗಳಿಂದ ಕೆಮ್ಮು ಬಿಟ್ಟಿರಲಿಲ್ಲ, ಎದೆಯ ಫೋಟೋ ತೆಗೆಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಅಜ್ಜ ಅಂಗಿ ಬಿಚ್ಚಿ, ಸ್ಟ್ಯಾಂಡಿಗೆ ಎದೆ ಒತ್ತಿ ನಿಂತಿದ್ದರು. ರೂಪಶ್ರೀ ಗೋಡೆಯ ಮರೆಗೆ ಬಂದು ಬಟನ್ ಒತ್ತಿದಳು.

ಢಂ ಎಂದು ಸದ್ದಾಯಿತು. ಕೇಬಲ್ಲು ಸೇರುವ ಕಡೆ ನೀಲಿ ಬೆಂಕಿ ಚಿಮ್ಮಿತು. ಸುಟ್ಟ ಎಣ್ಣೆಯ ವಾಸನೆ, ಕಪ್ಪು ಹೊಗೆ. ಅಡವಿಯಪ್ಪ ಬೆಚ್ಚಿ ಹಿಂದಕ್ಕೆ ಹಾರಿ ಬಿದ್ದರು. ರೂಪಶ್ರೀ ಓಡಿಹೋಗಿ ಗೋಡೆಯ ಮೇಲಿನ ಮೈನ್ ಸ್ವಿಚ್ಚು ಎಳೆದು, ಹೊಗೆಯೊಳಗೆ ನುಗ್ಗಿ ಅಜ್ಜನನ್ನು ಹೊರಗೆ ಎಳೆದುಕೊಂಡು ಬಂದಳು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಬಲಗೈ ಮಣಿಕಟ್ಟು ಮುರಿದಿತ್ತು. ಕೆಮ್ಮಿಗೆ ಬಂದ ಅಜ್ಜ ಕೈ ಮುರಿದುಕೊಂಡರು, ಆ ಕೈಯ ಎಕ್ಸ್‌ರೇ ತೆಗೆಯಲು ಅಲ್ಲಿ ಮಷೀನೇ ಇರಲಿಲ್ಲ. ಗಾಡಿ ಮಾಡಿ ತುಮಕೂರಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ರಸ್ತೆಯ ಒಂದೊಂದು ಉಬ್ಬಿಗೂ ಅಜ್ಜ ಅಯ್ಯೋ ಅನ್ನುತ್ತಿದ್ದರಂತೆ.

ಸುದ್ದಿ ಕೇಳಿ ಚನ್ನೇಶ ಓಡಿಬಂದ. ಜನವೆಲ್ಲ ಗೇಟಿನ ಹತ್ತಿರ ಅಜ್ಜನ ಗಾಡಿಯ ಸುತ್ತ ಇದ್ದರು. ಗೋಡೆಯ ಪೆಟ್ಟಿಗೆಯ ಹತ್ತಿರ ಯಾರೂ ಇರಲಿಲ್ಲ. ಮುಚ್ಚಳ ತೆಗೆದ. ಕರಟದ ಚೂರು ಅಲ್ಲೇ ಇತ್ತು, ಒಂದು ಅಂಚು ಸುಟ್ಟು ಕರಕಲಾಗಿತ್ತು. ಅವನ ಕೈ ತಾನೇ ಮುಂದೆ ಹೋಯಿತು. ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು ಮುಚ್ಚಳ ಮುಚ್ಚಿದ. ಅಷ್ಟು ಬೇಗ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮಾರನೆಯ ದಿನ ತುಮಕೂರಿನಿಂದ ಸರ್ವಿಸ್ ಎಂಜಿನಿಯರ್ ಬಂದರು. ನಂದಿತಾ ಎಂದು ಹೆಸರು, ಮನೆ ಮರಳೂರಿನಲ್ಲಿ. ಕೈಗೆ ದಪ್ಪ ಗ್ಲೌಸು ಹಾಕಿಕೊಂಡು, ಮೊದಲು ಒಂದು ಕೋಲಿನಿಂದ ಕೇಬಲ್ಲಿನ ಚಾರ್ಜನ್ನು ನೆಲಕ್ಕೆ ಇಳಿಸಿದರು.

"ಮೈನ್ ಆಫ್ ಆಗೈತಲ್ಲ ಮೇಡಮ್?" ಎಂದು ಚನ್ನೇಶ ಕೇಳಿದ.

"ಆಫ್ ಆದ್ಮೇಲೂ ಇದ್ರೊಳಗೆ ಉಳಿದಿರ್ತದೆ ಚನ್ನೇಶ್. ನಿಮ್ಮ ಬೋರ್‌ವೆಲ್ ಮೋಟರಿಗೆ ನಾನೂರು ವೋಲ್ಟ್. ಎಕ್ಸ್‌ರೇಗೆ ವೋಲ್ಟೇಜ್ ಏರಿಸೋದು ಈ ಎಣ್ಣೆ ಟ್ಯಾಂಕು, ಇದ್ರಿಂದ ಹೊರಡೋದು ಎಪ್ಪತ್ತು, ಎಂಬತ್ತು ಸಾವಿರ ವೋಲ್ಟ್. ಎರಡೂ ಒಂದೇ ಅಂದ್ಕೊಂಡು ಕೈ ಹಾಕ್ದೋರು ಉಳಿದಿಲ್ಲ."

ನಂದಿತಾ ಟ್ಯಾಂಕು ನೋಡಿದರು. ಎಣ್ಣೆ ಕಪ್ಪಾಗಿತ್ತು, ಒಳಗಿನದೆಲ್ಲ ಸುಟ್ಟಿತ್ತು. ಕೇಬಲ್ಲಿನ ತುದಿ ಕರಗಿತ್ತು. ಆಮೇಲೆ ಗೋಡೆಯ ಪೆಟ್ಟಿಗೆಯ ರಿಲೇಯನ್ನು ಮೀಟರು ಹಾಕಿ ಪರೀಕ್ಷೆ ಮಾಡಿದರು. ಹುಬ್ಬು ಗಂಟಿಕ್ಕಿತು.

"ಕೇಬಲ್ ತುದೀಲಿ ಸೀಳು ಬಿಟ್ಟಿತ್ತು. ವೋಲ್ಟೇಜು ಆ ಸೀಳಿಂದ ಹಾರ್ತಿತ್ತು. ಚಟ್ ಚಟ್ ಅಂತ ಸದ್ದು ಬಂದಿರ್ಬೇಕು. ಹಂಗೆ ಹಾರಿದ ತಕ್ಷಣ ಈ ರಿಲೇ ಕರೆಂಟು ಕಟ್ ಮಾಡ್ಬೇಕು. ಮಾಡಿದ್ರೆ ಬರೀ ಕೇಬಲ್ ಬದಲಾಯ್ಸಿದ್ರೆ ಸಾಕಿತ್ತು. ರಿಲೇ ಚೆನ್ನಾಗೇ ಇದೆ. ಆದ್ರೂ ಯಾಕೆ ಕಟ್ ಆಗ್ಲಿಲ್ಲ?" ಬೆರಳಿನಿಂದ ಪೆಟ್ಟಿಗೆಯ ತಳ ಒರೆಸಿ ನೋಡಿದರು. "ಇಲ್ಲೇನೋ ಸುಟ್ಟ ಪುಡಿ ಇದೆ. ಇಲಿ ಏನಾದ್ರೂ ತಂದಿಟ್ಟಿತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚನ್ನೇಶನ ಕೈ ಜೇಬಿನ ಮೇಲೆ ಹೋಯಿತು.

"ಇರ್ಬೋದು ಮೇಡಮ್. ಇಲಿ ಕಾಟ ಜಾಸ್ತಿ ಇಲ್ಲಿ," ಅಂದ.

ಮಹಾದೇವಯ್ಯನವರಿಗೆ ಯಾರಾದರೂ ಒಬ್ಬರ ತಪ್ಪು ಬೇಕಿತ್ತು. ಅವರು ರೂಪಶ್ರೀ ಕಡೆ ತಿರುಗಿದರು. "ಮಷೀನು ಚನ್ನೇಶ ರಿಪೇರಿ ಮಾಡಿದ್ದ, ರಿಲೇ ಸರಿ ಅದೆ ಅಂತಾರೆ. ಅಂದ್ಮೇಲೆ ಒತ್ತಿದೋರೇ ತಪ್ಪು ಒತ್ತಿರ್ಬೇಕು. ಎಷ್ಟು ಜಾಸ್ತಿ ಇಟ್ಟಿದ್ಯಮ್ಮ? ಶುಕ್ರವಾರ ಟ್ರಸ್ಟ್ ಮೀಟಿಂಗ್ ಐತೆ. ಅಲ್ಲಿವರ್ಗೂ ನೀನು ಬರೋದು ಬೇಡ."

"ಸಾರ್, ನಾನು ಅವತ್ತೇ ಹೇಳಿದ್ದೆ..." ಎಂದು ರೂಪಶ್ರೀ ಶುರು ಮಾಡಿದಳು. ಪೂರ್ತಿ ಮಾಡಲು ಅವರು ಬಿಡಲಿಲ್ಲ. ಅವಳು ಚನ್ನೇಶನ ಮುಖ ನೋಡಿದಳು. ಅಣ್ಣ ಒಂದು ಮಾತು ಹೇಳಲಿ, ಚಟ್ ಚಟ್ ಸದ್ದು ತಾನೂ ಕೇಳಿದ್ದೆ ಎಂದಾದರೂ ಹೇಳಲಿ ಎಂದು ಕಾದಳು. ಚನ್ನೇಶ ನೆಲದ ಮೇಲಿನ ಎಣ್ಣೆ ಕಲೆ ನೋಡುತ್ತ ನಿಂತಿದ್ದ.

ಹೊರಡುವಾಗ ನಂದಿತಾ ಒಂದು ಮಾತು ಹೇಳಿದರು. "ಹೊಸ ಟ್ಯಾಂಕು, ಹೊಸ ಕೇಬಲ್ ತರಿಸ್ತೀವಿ. ಆದ್ರೆ ಟ್ರಿಪ್ ಯಾಕಾಗ್ಲಿಲ್ಲ ಅಂತ ಗೊತ್ತಾಗ್ದೆ ಹಾಕಿದ್ರೆ ಇದೂ ಒಂದಿನ ಹಿಂಗೇ ಆಗ್ತದೆ. ಆವಾಗ ಮುಂದೆ ಯಾರು ನಿಂತಿರ್ತಾರೋ."

ಮನೆಗೆ ಬಂದ ಚನ್ನೇಶ ಮುದ್ದೆ ಮುಟ್ಟದೆ ತಟ್ಟೆ ಸರಿಸಿದ. ಹೆಂಡತಿ ಹೇಮಶ್ರೀ ಏನಾಯಿತು ಎಂದರೆ ತಲೆನೋವು ಅಂದ. ಬೆಳಿಗ್ಗೆ ಅವಳು ಬಟ್ಟೆ ಒಗೆಯಲು ಕೂತಾಗ ಅಂಗಿಯ ಜೇಬಿನಲ್ಲಿ ಸುಟ್ಟ ಕರಟ ಸಿಕ್ಕಿತು. ಯಾವ ತೋಟದ್ದು ಎಂದು ಕೇಳಲು ಬಂದವಳು ಗಂಡನ ಮುಖ ನೋಡಿ ಅಲ್ಲೇ ನಿಂತಳು. ಬುದ್ಧಿವಂತೆ. ಎಲ್ಲ ಅರ್ಥವಾಯಿತು.

"ಆಸ್ಪತ್ರೆ ಮಷೀನಿಗೂ ಇಕ್ಕಿದ್ರಾ?"

ಅವನು ತಲೆಯಾಡಿಸಿದ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಹೇಮಶ್ರೀ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು. "ಬಾಯಿ ಬಿಡಬೇಡಿ. ಮಷೀನು ಹೆಂಗೂ ಹಳೇದು. ಹೇಳಿದ್ರೆ ನಾಳೆಯಿಂದ ನಮ್ಮಂಗಡಿಗೆ ಒಂದು ಮೋಟರಾದ್ರೂ ಬರ್ತದಾ? ಮಕ್ಕಳು ಬೀದೀಲಿ ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ?"

"ಆ ಹುಡುಗಿ ಕೆಲಸ ಹೋಗ್ತದೆ ಕಣೇ."

"ಓದಿದಾಳೆ. ಇನ್ನೊಂದು ಕಡೆ ಸಿಗ್ತದೆ."

"ಮಷೀನು ಸುಟ್ಟೋಳು ಅಂತ ಹೆಸರು ಬಂದ್ಮೇಲೆ ಯಾರು ಕೊಡ್ತಾರೆ?"

ಹೇಮಶ್ರೀ ಕರಟದ ಚೂರನ್ನು ಒಲೆಗೆ ಹಾಕಲು ಹೋದಳು, ಹಾಕಲಿಲ್ಲ, ಕಟ್ಟೆಯ ಮೇಲಿಟ್ಟು ಬಟ್ಟೆ ಒಗೆಯಲು ಹೋದಳು. ಚನ್ನೇಶ ಅದನ್ನು ತೆಗೆದುಕೊಂಡು ಬೈಕು ಹತ್ತಿದ. ಅಂಗಡಿಗೆ ಎಂದು ಹೊರಟವನು ಅಂಗಡಿ ದಾಟಿ ಕುಣಿಗಲ್ಲಿನ ದಾರಿ ಹಿಡಿದ.

ಬರಬೇಡ ಅಂದ ದಿನವೇ ರೂಪಶ್ರೀ ಗುಬ್ಬಿಯ ರೂಮಿನಿಂದ ತಾಯಿಯ ಮನೆಗೆ ಹೋಗಿದ್ದಳು, ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೆಸರು ಹೇಳುತ್ತಲೇ ಅವಳ ತಾಯಿ ಗುರುತು ಹಿಡಿದರು. "ಗುಬ್ಬಿ ಚನ್ನೇಶಣ್ಣ ಅಲ್ವಾ? ನಿಮ್ಮ ವಿಷ್ಯ ಹೇಳ್ತಿರ್ತಾಳಪ್ಪ. ಬನ್ನಿ, ಒಳಗೆ ಬನ್ನಿ," ಎಂದು ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟರು. "ನೀವಾದ್ರೂ ಅವ್ಳಿಗೆ ಒಂದು ಮಾತು ಹೇಳಿ. ನಿನ್ನೆ ಬಂದಾಗ್ನಿಂದ ಅನ್ನ ಮುಟ್ಟಿಲ್ಲ."

ಆ ಬೆಲ್ಲ ಅವನ ನಾಲಿಗೆಗೆ ಬೇವಾಯಿತು.

ರೂಪಶ್ರೀ ಬಂದು ಗೋಡೆಗೆ ಒರಗಿ ಕೂತಳು. ಕಣ್ಣು ಊದಿಕೊಂಡಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. "ನಂದೇ ತಪ್ಪು ಕಣಣ್ಣ. ಸದ್ದು ಕೇಳ್ಸಿದ ದಿನವೇ ಬೀಗ ಹಾಕಿ ಬೀಗದ ಕೈ ಇಟ್ಕೋಬೇಕಿತ್ತು. ಸಾರ್ ಬೈತಾರೆ ಅಂತ ಹೆದರಿ ಒತ್ತಿದೆ. ಆ ಅಜ್ಜ ಬೀಳೋದು ಕಣ್ಮುಂದೇ ಬರ್ತದೆ. ನಾಚಿಕೆ ಆಗ್ತದೆ ನಂಗೆ."

ತಾನು ಪಡಬೇಕಾದ ನಾಚಿಕೆಯನ್ನು ಈ ಹುಡುಗಿ ಹೊತ್ತು ಕೂತಿದ್ದಾಳೆ ಎಂದು ಚನ್ನೇಶನಿಗೆ ಹೊಳೆಯಿತು. ಇನ್ನು ತಡೆಯಲಾಗಲಿಲ್ಲ. ಜೇಬಿನಿಂದ ಆ ಸುಟ್ಟ ಚೂರು ತೆಗೆದು ಚಾಪೆಯ ಮೇಲಿಟ್ಟ. ಸಿಗಿಸಿದ್ದು, ಲೂಸ್ ಕನೆಕ್ಷನ್ ಎಂದು ಸುಳ್ಳು ಹೇಳಿದ್ದು, ಕಿತ್ತು ಬಚ್ಚಿಟ್ಟಿದ್ದು, ಇಲಿಯ ಮೇಲೆ ಹಾಕಿದ್ದು, ಎಲ್ಲ ಹೇಳಿದ. ಹೇಳುವಾಗ ಒಂದು ಸಲವೂ ತಲೆ ಎತ್ತಲಿಲ್ಲ.

ರೂಪಶ್ರೀ ಆ ಚೂರನ್ನು ಕೈಗೆತ್ತಿಕೊಂಡು ನೋಡಿದಳು. ಆಮೇಲೆ ಅವಳ ದನಿ ನಡುಗಿತು. ಅಳುವಿನಿಂದಲ್ಲ, ಸಿಟ್ಟಿನಿಂದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ರಲ್ಲಣ್ಣ, ನೋಡ್ಕೊಂಡು ಸುಮ್ನೆ ನಿಂತಿದ್ರಾ? ನನ್ ಮುಖ ನೋಡ್ದೆ ನಿಂತಿದ್ರಲ್ಲ, ಅದು ಇದಕ್ಕಾ?"

"ತಪ್ಪಾಯ್ತು ಕಣಮ್ಮ."

"ಈ ಮನೇಲಿ ಬಂದು ನಂಗೆ ಹೇಳಿದ್ರೆ ಆಗ್ಲಿಲ್ಲ. ಶುಕ್ರವಾರ ಎಲ್ಲಾರ ಮುಂದೆ ಹೇಳಿ. ಆ ಅಜ್ಜನ ಮುಂದೆ ಹೇಳಿ. ನಂದಿತಾ ಮೇಡಮ್‌ಗೆ ಹೇಳಿ. ಕಾರಣ ಗೊತ್ತಾಗ್ದೆ ಹೊಸ ಟ್ಯಾಂಕು ಹಾಕ್ಬಿಟ್ರೆ ಏನಾಗ್ತದೆ ಅಂತ ನಿಮಗೆ ಗೊತ್ತಲ್ಲ?"

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ತಾಯಿ ಎಲ್ಲ ಕೇಳಿಸಿಕೊಂಡಿದ್ದರು. ಲೋಟವನ್ನು ಅವನ ಮುಂದೆ ಇಡಲಿಲ್ಲ. ಒಳಗೆ ತೆಗೆದುಕೊಂಡು ಹೋದರು. ಚನ್ನೇಶನಿಗೆ ಯಾರು ಎಷ್ಟು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ, "ಶುಕ್ರವಾರ ಹೇಳ್ತೀನಿ," ಎಂದ. ಹೇಮಶ್ರೀ ಜಗಳಕ್ಕೆ ಸಿದ್ಧವಾಗಿಯೇ ಇದ್ದಳು. ಆದರೆ ಆ ಕಾಫಿ ಲೋಟದ ಮಾತು ಕೇಳಿದ ಮೇಲೆ ಜಗಳ ಬಿಟ್ಟಳು. "ನಾನೂ ಬರ್ತೀನಿ," ಎಂದಳು.

ಶುಕ್ರವಾರ ಆಸ್ಪತ್ರೆಯ ಹಜಾರದಲ್ಲೇ ಮೀಟಿಂಗು. ಟ್ರಸ್ಟಿನವರು, ನಂದಿತಾ, ರೂಪಶ್ರೀ, ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ ಅಡವಿಯಪ್ಪ. ಮಹಾದೇವಯ್ಯ ಮಾತು ಶುರು ಮಾಡುವ ಮೊದಲೇ ಚನ್ನೇಶ ಎದ್ದು ನಿಂತ. ಮೇಜಿನ ಮೇಲೆ ಕರಟದ ಚೂರು ಇಟ್ಟ.

"ಈ ಹುಡುಗಿ ತಪ್ಪು ಏನೂ ಇಲ್ಲ. ಟ್ರಿಪ್ ಆಗ್ದಂಗೆ ನಾನೇ ಇದ್ನ ಸಿಗಿಸಿದ್ದು. ಆಮೇಲೆ ನಾನೇ ಕಿತ್ತು ಬಚ್ಚಿಟ್ಟಿದ್ದು. ಇಲಿ ಅಂತ ಹೇಳಿದ್ದೂ ಸುಳ್ಳು."

ಮಹಾದೇವಯ್ಯನವರ ಮುಖ ಕೆಂಪಾಯಿತು. "ಎಂಥ ಕೆಲಸ ಮಾಡ್ದೆಲಾ!" ಎಂದು ಗುಡುಗಿದರು. ಆಮೇಲೆ ರೂಪಶ್ರೀ ಕಡೆ ಕಣ್ಣು ಹೋಯಿತು, ಅವರ ದನಿಯೂ ಕುಸಿಯಿತು. "ಹೆಂಗಾದ್ರೂ ಮಾಡಿ ಓಡ್ಸು ಅಂದೋನು ನಾನು. ಎಂಜಿನಿಯರ್ ಬೇಡ ಅಂತ ಫೋನ್ ಮಾಡ್ದೋನೂ ನಾನು. ನಿನ್ ಮಾತು ಕೇಳ್ಲಿಲ್ಲ ಕಣಮ್ಮ. ನಂಗೆ ಮುಖ ತೋರ್ಸೋಕೆ ಆಗ್ತಿಲ್ಲ."

ನಂದಿತಾ ಆ ಚೂರನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಇದೊಂದು ಸಿಕ್ತಲ್ಲ, ಈಗ ಧೈರ್ಯವಾಗಿ ಹೊಸದು ಹಾಕ್ಬೋದು. ಇನ್ನೊಂದು ವಿಷ್ಯ ನಿಮಗೆ ಯಾರಿಗೂ ಗೊತ್ತಿಲ್ಲ. ಅಷ್ಟು ದೊಡ್ಡ ವೋಲ್ಟೇಜು ಹಾರಿದ್ರೂ ಈ ಅಜ್ಜನಿಗೆ ಶಾಕ್ ಹೊಡೀಲಿಲ್ಲ. ಯಾಕೆ ಗೊತ್ತಾ? ಕೇಬಲ್ಲಿನ ಮೇಲಿನ ಕವಚದಿಂದ ನೆಲಕ್ಕೆ ಹೋಗೋ ಅರ್ಥಿಂಗ್ ಸರಿಯಾಗಿತ್ತು. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ನೋಡ್ದೆ. ಗುಂಡಿ ಒಣಗಿದ್ರೆ ಕರೆಂಟು ನೆಲಕ್ಕೆ ಇಳಿಯಲ್ಲ, ಇದು ಈ ಬಿಸಿಲಲ್ಲೂ ತಂಪಾಗಿದೆ. ದಿನಾ ನೀರು ಹಾಕಿರೋದು ಯಾರು?"

ಆಸ್ಪತ್ರೆಯ ಆಯಾ ಮೂಲೆಯಿಂದ ಹೇಳಿದಳು. "ರೂಪಶ್ರೀ ಮೇಡಮ್ಮೇ. ದಿನಾ ಒಂದು ಬಕೆಟ್ಟು ಹುಯ್ದೇ ಮನೆಗೋಗೋದು. ನಾವೆಲ್ಲ ನಗ್ತಿದ್ವಿ, ಗಿಡ ಇಲ್ಲದ ಗುಂಡಿಗೆ ನೀರ್ಯಾಕೆ ಅಂತ."

ಯಾರ ಮೇಲೆ ತಪ್ಪು ಹೊರಿಸಿದ್ದರೋ ಅವಳೇ ಅಜ್ಜನ ಜೀವ ಉಳಿಸಿದ್ದಳು. ಚನ್ನೇಶನಿಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣ ಅನಿಸಿತು. ಅವನು ಅಡವಿಯಪ್ಪನ ಮುಂದೆ ಕೈಮುಗಿದು ನಿಂತ.

"ಸಿಟ್ಟಿಲ್ಲ ಅನ್ನಲ್ಲ ಕಣಪ್ಪ," ಎಂದರು ಅಜ್ಜ. "ಐತೆ. ಈ ಕೈಲಿ ಮುದ್ದೆ ಮುರಿಯಕ್ಕಾಯ್ತಿಲ್ಲ. ಹೋಗು, ಬಂದು ಹೇಳ್ದಲ್ಲ, ಅಷ್ಟೇಯ."

ರೂಪಶ್ರೀ ಮತ್ತೆ ಕೆಲಸಕ್ಕೆ ಬರಲು ಒಪ್ಪಿದಳು, ಒಂದು ಷರತ್ತಿನ ಮೇಲೆ. ಮಷೀನು ಟ್ರಿಪ್ಪಾದರೆ ನಿಲ್ಲಿಸುವ ಮಾತು ಅವಳದ್ದೇ ಕೊನೆ, ಅಧ್ಯಕ್ಷರೂ ಅದರ ಮೇಲೆ ಮಾತಾಡುವಂತಿಲ್ಲ. ಮಹಾದೇವಯ್ಯ ಅದನ್ನು ಎಲ್ಲರ ಎದುರು ತಾವೇ ಬರೆದು ಸಹಿ ಹಾಕಿದರು.

ಹೊಸ ಟ್ಯಾಂಕು, ಕೇಬಲ್ಲು ಬಂದು ಕೂರುವಷ್ಟರಲ್ಲಿ ಎರಡು ತಿಂಗಳಾಯಿತು. ಚನ್ನೇಶ ಕೂಲಿ ಕೇಳದೆ ನಂದಿತಾ ಹೇಳಿದಷ್ಟು ಕೆಲಸ ಮಾಡಿದ, ಹೇಳದ್ದನ್ನು ಮುಟ್ಟಲಿಲ್ಲ. ಎಕ್ಸ್‌ರೇಗೆಂದೇ ಬೇರೆ ಲೈನು ಎಳೆದರು, ಒಂದು ಫೇಸು ಹೋದರೆ ತಾನೇ ನಿಲ್ಲುವ ಸಾಮಾನು ಕೂರಿಸಿದರು. ಗೋಡೆಯ ಪೆಟ್ಟಿಗೆಗೆ ಬೀಗ ಬಿತ್ತು. ಕೇಬಲ್ಲು ಎಲ್ಲೂ ಮಡಚಿಕೊಳ್ಳದಂತೆ, ಮಂಚದ ಗಾಲಿ ಅದರ ಮೇಲೆ ಹರಿಯದಂತೆ ಮೇಲೆ ಎತ್ತಿ ಕಟ್ಟಿದರು. ಮೊದಲು ತುದಿಯಲ್ಲಿ ಸೀಳು ಬಿಟ್ಟಿದ್ದು ಆ ಗಾಲಿ ಕೇಬಲ್ಲನ್ನು ಎಳೆದೆಳೆದೇ ಅಂತೆ.

ಎಲ್ಲ ಸರಿಯಾಯಿತು. ಅಡವಿಯಪ್ಪ ಮಾತ್ರ ಬರಲಿಲ್ಲ. ಕೈ ಕೂಡಿತ್ತು, ಕೆಮ್ಮು ಹಾಗೇ ಇತ್ತು. ಮೈ ಇಳಿದುಹೋಗಿತ್ತು. ಎದೆಯ ಫೋಟೋ ತೆಗೆಸಿ ಎಂದು ಡಾಕ್ಟರು ಎಷ್ಟು ಹೇಳಿದರೂ, "ಆ ಡಬ್ಬದ ಮುಂದೆ ನಾನು ನಿಲ್ಲಕಿಲ್ಲ. ತುಮಕೂರದ್ದೂ ಬೇಡ, ಗುಬ್ಬೀದೂ ಬೇಡ," ಎನ್ನುತ್ತಿದ್ದರು. ಚನ್ನೇಶ ಅವರ ಮನೆಗೆ ಮೂರು ಸಲ ಹೋದ. ಮೂರನೆಯ ಸಲ ಹೇಮಶ್ರೀಯನ್ನೂ ಕರೆದುಕೊಂಡು ಹೋದ. ಅವಳು ಅಜ್ಜನ ಕೈ ಹಿಡಿದು, "ಫೋಟೋ ತೆಗಿಸ್ಬೇಡಿ, ಸುಮ್ನೆ ಬಂದು ನೋಡಿ ಅಜ್ಜ," ಎಂದು ಒಪ್ಪಿಸಿ ಕರೆತಂದಳು.

ಅಜ್ಜ ಕೋಣೆಯ ಹೊಸ್ತಿಲಲ್ಲೇ ನಿಂತರು. ರೂಪಶ್ರೀ ಪೆಟ್ಟಿಗೆಯ ಬೀಗ ತೆಗೆದಳು. ಒಳಗೆ ರಿಲೇಯ ಮೇಲೆ ಪರೀಕ್ಷೆಗೆಂದು ಒಂದು ಪುಟ್ಟ ಗುಂಡಿ ಇರುತ್ತದೆ. ಅವಳು ಅದನ್ನು ಒತ್ತಿದಳು. ಟಕ್ ಎಂದಿತು. ಮಷೀನಿನ ದೀಪಗಳೆಲ್ಲ ಒಂದೇ ಸಲಕ್ಕೆ ಆರಿದವು.

"ಏನಾಯ್ತು?" ಅಜ್ಜ ಬೆಚ್ಚಿದರು.

"ಏನೂ ಆಗ್ಲಿಲ್ಲ ಅಜ್ಜ. ಒಳಗೆ ಎಲ್ಲಾದ್ರೂ ಕೆಟ್ರೆ ಹಿಂಗೇ ಟಕ್ ಅಂತ ನಿಂತೋಗ್ತದೆ. ಅಷ್ಟೇ," ಎಂದಳು ರೂಪಶ್ರೀ.

ಅಜ್ಜ ಚನ್ನೇಶನ ಕಡೆ ತಿರುಗಿದರು. "ಇದೇನಾ? ಇಷ್ಟು ಸದ್ದಾ? ಇದ್ನಾ ನೀನು ಹಿಡ್ಕಂಡಿದ್ದು?"

ಚನ್ನೇಶನ ಕಣ್ಣಲ್ಲಿ ನೀರು ಬಂತು. "ಹೂಂ ಕಣಜ್ಜ. ಇದ್ನೇ."

ಅಜ್ಜ ಪೆಟ್ಟಿಗೆಯ ಕಡೆ ಬಗ್ಗಿ ಕಿವಿ ಕೊಟ್ಟರು. "ಇನ್ನೊಂದ್ಸಲ ಅನ್ಸಮ್ಮ," ಎಂದರು. ರೂಪಶ್ರೀ ಮತ್ತೆ ಸರಿಮಾಡಿ ಒತ್ತಿದಳು. ಟಕ್. "ಇನ್ನೊಂದು ಕಿತ." ಟಕ್. ಮೂರನೆಯ ಸಲ ಕೇಳಿಸಿಕೊಂಡು, ಅಜ್ಜ ಅಂಗಿಯ ಗುಂಡಿ ಬಿಚ್ಚುತ್ತ ಒಳಗೆ ನಡೆದರು.

ಎದೆಯ ಫೋಟೋದಲ್ಲಿ ಕಾಯಿಲೆ ಇತ್ತು. ಔಷಧಿಯಿಂದ ವಾಸಿಯಾಗುವ ಕಾಯಿಲೆಯೇ. ಎರಡು ತಿಂಗಳು ಮೊದಲೇ ಗೊತ್ತಾಗಿದ್ದರೆ ಇಷ್ಟು ಸೊರಗುತ್ತಿರಲಿಲ್ಲ ಎಂದರು ಡಾಕ್ಟರು. ಆ ಎರಡು ತಿಂಗಳನ್ನು ಚನ್ನೇಶ ಎಲ್ಲಿಂದ ತಂದುಕೊಡುತ್ತಾನೆ?

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅವನ ಜಾಗದಲ್ಲಿ ನೀವು ನಿಲ್ಲಬೇಡಿ. ವೈರು ಹಿಡಿಯುವ ಕೆಲಸದವರಾದರೆ, ಎಕ್ಸ್‌ರೇ ಮಷೀನು ಟ್ರಿಪ್ಪಾದಾಗ ಕಡ್ಡಿ, ಕರಟ, ತಂತಿ ಯಾವುದನ್ನೂ ಸಿಗಿಸಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅದರಲ್ಲಿ ನಾಚಿಕೆ ಇಲ್ಲ. ಟ್ಯಾಂಕು, ಕೇಬಲ್ಲನ್ನು ಅದನ್ನು ಕಲಿತವರೇ ಮುಟ್ಟಲಿ, ಮೈನ್ ಆಫ್ ಇದ್ದರೂ ಸರಿ. ಆಸ್ಪತ್ರೆ ನಡೆಸುವವರಾದರೆ, ಚಟ್ ಚಟ್ ಸದ್ದು, ಸುಟ್ಟ ವಾಸನೆ ಬಂತು ಎಂದು ನಿಮ್ಮ ಹುಡುಗಿಯೋ ಹುಡುಗನೋ ಹೇಳಿದ ಕೂಡಲೇ ಮಷೀನು ನಿಲ್ಲಿಸಿ, ಎಂಜಿನಿಯರನ್ನು ಕರೆಸಿ. ಅರ್ಥಿಂಗನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ. ಇನ್ನು ಫೋಟೋ ತೆಗೆಸಲು ಬಂದು ಸಾಲಿನಲ್ಲಿ ನಿಂತವರು ನಾವು. ಇವತ್ತು ಮಷೀನು ನಿಂತಿದೆ, ನಾಳೆ ಬನ್ನಿ ಎಂದರೆ ಗಲಾಟೆ ಮಾಡುವುದು ಬೇಡ. ಅವತ್ತು ಹಜಾರದಲ್ಲಿ ಗೊಣಗಿದ ನಲವತ್ತು ಜನರ ಪಾಲೂ ಆ ಅಜ್ಜನ ಮುರಿದ ಕೈಯಲ್ಲಿದೆ. ನಿಂತ ಮಷೀನು ನಮ್ಮ ಜೀವ ಕಾಯುತ್ತಿದೆ. ಅದನ್ನು ನಿಲ್ಲಲು ಬಿಡಿ.